ಗೇರ್ ‘ಪಿ’ಯಲ್ಲೇ ಇತ್ತು

ನಯೊರೊ, ಹೊಕ್ಕೈದೊ
6 ಡಿಸೆಂಬರ್ 1998

ತಮ್ಮಾ ತೊಮೊಹಾರು,

ಇಲ್ಲಿ ಹಿಮ ಆಗಲೇ ಅಡುಗೆಮನೆ ಕಿಟಕಿಯ ಅರ್ಧಕ್ಕೆ ಬಂದಿದೆ. ನೀವು ದಕ್ಷಿಣದ ಮಿಯಾಜಾಕಿಯಲ್ಲಿ ಇನ್ನೂ ತೆಳ್ಳನೆ ಅಂಗಿ ಹಾಕಿಕೊಂಡು ಸಮುದ್ರದ ದಂಡೆಯಲ್ಲಿ ನಿಂತಿರುವ ಫೋಟೊವನ್ನು ನಿನ್ನ ಹೆಂಡತಿ ಮಿಹೊ ಕಳಿಸಿದ್ದಳು. ನೋಡಿ ಹೊಟ್ಟೆ ಉರಿಯಿತು ಅಂತ ಅವಳಿಗೆ ಹೇಳು. ಫೋನ್ ಯಾಕೆ ಮಾಡುವುದಿಲ್ಲ ಎಂದು ಕೇಳಿದ್ದೀಯ. ಫೋನ್ ಇರುವುದು ಅತ್ತೆಯ ಕೋಣೆಯಲ್ಲಿ. ನಾನು ಹಲೋ ಅನ್ನುವಷ್ಟರಲ್ಲಿ ಅವರ ಟಿವಿಯ ದನಿ ತಾನಾಗಿ ತಗ್ಗುತ್ತದೆ. ನಮಗೆ ಕಾಗದವೇ ವಾಸಿ.

ನೀನು ಹೇಳಿದ ಕಾರನ್ನೇ ಕೊಂಡೆವು. ಬಿಳಿ ಬಣ್ಣ ಸಿಕ್ಕಿತು. ಹಿಮದಲ್ಲಿ ನಿಲ್ಲಿಸಿದರೆ ಹುಡುಕಬೇಕು. ಆಟೊಮ್ಯಾಟಿಕ್ ಆದ್ದರಿಂದ ಕ್ಲಚ್ ಇಲ್ಲ, ನಿಲ್ಲಿಸುವಾಗ ಗೇರನ್ನು ‘ಪಿ’ಗೆ ತಳ್ಳಿದರೆ ಚಕ್ರ ತಾನೇ ಕಚ್ಚಿಕೊಳ್ಳುತ್ತದಂತೆ. ಎಡಗಾಲಿಗೆ ಕೆಲಸವೇ ಇಲ್ಲದೆ ಮೊದಲ ವಾರ ಸುಮ್ಮನೆ ನೆಲ ಒದೆಯುತ್ತಿದ್ದೆ. ಇದರ ಗೇರಿನೊಳಗೆ ನಿಮ್ಮ ಕಾರ್ಖಾನೆಯ ಯಾವುದೋ ಸಾಮಾನಿದೆ ಅಂತ ನೀನು ಹೇಳಿದ್ದು ನೆನಪಿಟ್ಟುಕೊಂಡು, ನಿಮ್ಮ ಭಾವ ಗೇರ್ ಹಾಕುವಾಗಲೆಲ್ಲ ‘ತೊಮೊಹಾರುಗೆ ನಮಸ್ಕಾರ’ ಅನ್ನುತ್ತಾರೆ. ಹೊನಾಮಿಗೆ ಹತ್ತು ವರ್ಷವಾದರೂ ಅಪ್ಪನ ಈ ಹಳಸಲು ತಮಾಷೆಗೆ ಪ್ರತಿ ಸಲವೂ ನಗುತ್ತಾಳೆ.

ಕಳೆದ ಚಳಿಗಾಲ ಮಿಹೊ ಬಂದಾಗ ನಮ್ಮ ಹಳೆ ಕಾರಿನ ಹ್ಯಾಂಡ್ ಬ್ರೇಕ್ ಎಳೆದಿಟ್ಟು, ಬೆಳಿಗ್ಗೆ ಅದು ಹೆಪ್ಪುಗಟ್ಟಿ ಚಕ್ರವೇ ತಿರುಗದೆ, ಮೂರು ಮನೆಯವರು ಸೇರಿ ಬಿಡಿಸಿದ್ದನ್ನು ಪಕ್ಕದ ಸುಗಾವಾರಾ ಇವತ್ತಿಗೂ ಆಡಿಕೊಳ್ಳುತ್ತಾನೆ. ‘ದಕ್ಷಿಣದವರಿಗೆ ಚಳಿಯಲ್ಲಿ ಬ್ರೇಕ್ ಎಳೆಯಬಾರದು ಅಂತ ಹೇಳಿಕೊಡೋರು ಯಾರು?’ ಅಂತಾನೆ. ಈ ಸಲ ಬಂದರೆ ಅವಳಿಗೆ ಕೀಲಿಕೈ ಕೊಡುವುದಿಲ್ಲ.

ನಿನ್ನ ಅಕ್ಕ,
ಕಿಕುಯೆ


ಮಿಯಾಜಾಕಿ
21 ಡಿಸೆಂಬರ್ 1998

ಅಕ್ಕನಿಗೆ,

ಕಾಗದ ತಲುಪಿತು. ವರ್ಷದ ಕೊನೆಯಾದ್ದರಿಂದ ಕೆಲಸ ವಿಪರೀತ. ಉತ್ತರದ ಕಡೆಯಿಂದ ವಾಪಸು ಬಂದ ಕೆಲವು ಸಾಮಾನುಗಳನ್ನು ಶೀತಲ ಪೆಟ್ಟಿಗೆಯೊಳಗಿಟ್ಟು ಹೊರಗೆ ತೆಗೆದು ನೋಡುವುದೇ ಈಗ ನಮ್ಮ ವಿಭಾಗದ ಹಾಡು. ನಮ್ಮೂರಿನ ಚಳಿಯನ್ನು ಪೆಟ್ಟಿಗೆಯಲ್ಲಿ ತುಂಬಿ ಇಲ್ಲಿಗೆ ಕಳಿಸಿದ ಹಾಗಿದೆ. ನಿನಗೆ ಬೇಸರದ ವಿಷಯ, ಬಿಡು.

ಭಾವನ ನಮಸ್ಕಾರಕ್ಕೆ ನನ್ನ ಪ್ರತಿನಮಸ್ಕಾರ. ಹೊನಾಮಿಗೆ ಹೊಸ ವರ್ಷದ ಉಡುಗೊರೆ ಬೇರೆ ಕಳಿಸುತ್ತಿದ್ದೇನೆ. ಗಾಡಿ ನಿಧಾನವಾಗಿ ಓಡಿಸು.

ತೊಮೊಹಾರು


ನಯೊರೊ
8 ಫೆಬ್ರವರಿ 1999

ತಮ್ಮಾ,

ಎರಡು ವಿಮಾನ ಬದಲಿಸಿ ಬಂದು ಭಾವನ ಅಸ್ಥಿ ಆರಿಸುವಾಗ ನನ್ನ ಎದುರು ನಿಂತೆ. ಅದಕ್ಕೆ ಹೇಗೆ ಧನ್ಯವಾದ ಹೇಳುವುದೋ ತಿಳಿಯದು. ಆ ಎರಡು ದಿನ ನಿನ್ನ ಹತ್ತಿರ ಒಂದು ಮಾತೂ ಆಡಲಾಗಲಿಲ್ಲ. ನಡೆದದ್ದನ್ನು ನೀನು ಬೇರೆಯವರ ಬಾಯಿಂದ ಕೇಳಿದ್ದೀಯ. ನನ್ನಿಂದಲೂ ಕೇಳು.

ಅವತ್ತು ಹೊನಾಮಿಗೆ ಶಾಲೆಯಲ್ಲಿ ಸ್ಕೀ ಪಾಠವಿತ್ತು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಶುರು ಮಾಡಿ, ಮನೆಯ ಮುಂದಿನ ಇಳಿಜಾರಿನ ಮೇಲ್ತುದಿಗೆ ತಂದೆ. ಆಗ ಸ್ಕೀ ಕೋಲು ಮರೆತದ್ದು ಗೊತ್ತಾಯಿತು. ಗೇರನ್ನು ‘ಪಿ’ಗೆ ಹಾಕಿದೆ. ಎಂಜಿನ್ ಆರಿಸಲಿಲ್ಲ, ಮಗು ಒಳಗೆ ನಡುಗಬಾರದು ಅಂತ. ಬ್ರೇಕ್ ಎಳೆಯಲಿಲ್ಲ, ಎಳೆಯುವವರು ಇಲ್ಲಿ ಯಾರು? ಇಳಿದು ಬಾಗಿಲೊಳಗೆ ಕಾಲಿಟ್ಟಿದ್ದೆನಷ್ಟೆ. ಇವರು ಇಳಿಜಾರಿನ ಕೆಳಗೆ, ಊರಿನ ಯಂತ್ರ ತಳ್ಳಿಟ್ಟು ಹೋದ ಹಿಮದ ರಾಶಿಯನ್ನು ಬಗೆಯುತ್ತ ಬೆನ್ನು ಮಾಡಿ ನಿಂತಿದ್ದರು. ಹೊನಾಮಿ ಕಿರುಚಿದ್ದು ಕೇಳಿಸಿತು. ಆಮೇಲಿನದು ನಿನಗೆ ಗೊತ್ತು.

ಸುಗಾವಾರಾ ಓಡಿಬಂದು ಕಾರಿಗೆ ಹತ್ತಿ, ಗೇರನ್ನು ಹಿಂದೆ ಮುಂದೆ ಎಳೆದಾಡಿ, ಉಳಿದವರು ತಳ್ಳಿ, ಕಾರಿಗೂ ಹಿಮದ ರಾಶಿಗೂ ನಡುವೆ ಸಿಕ್ಕಿಬಿದ್ದ ಇವರನ್ನು ಬಿಡಿಸಿದರು. ಹಾಗಾಗಿ ಪೊಲೀಸರು ಬರುವ ಹೊತ್ತಿಗೆ ಗೇರ್ ಮೊದಲು ಎಲ್ಲಿತ್ತು ಅನ್ನುವುದಕ್ಕೆ ಸಾಕ್ಷಿ ಉಳಿದಿರಲಿಲ್ಲ. ಗೇರ್ ಸರಿಯಾಗಿ ಹಾಕಿಲ್ಲ, ಬ್ರೇಕೂ ಎಳೆದಿಲ್ಲ ಎಂದು ಬರೆದುಕೊಂಡರು. ಹೊನಾಮಿ ಮಾತ್ರ, ‘ಕಾರು ಹಿಂದೆ ಜಾರುವಾಗ ನಾನು ಬಗ್ಗಿ ನೋಡಿದೆ, ಪಿಯಲ್ಲೇ ಇತ್ತು’ ಅಂತ ಅವತ್ತಿನಿಂದ ಹೇಳುತ್ತಲೇ ಇದ್ದಾಳೆ. ಪೊಲೀಸಿನವರು ಅವಳ ತಲೆ ಸವರಿದರು. ಅತ್ತೆ ‘ತಾಯಿ ಹೇಳಿಕೊಟ್ಟದ್ದು’ ಅಂದರು.

ನೀನು ಕಪ್ಪು ಸೂಟಿನಲ್ಲೇ ಹಿಮದ ಮೇಲೆ ಅಂಗಾತ ಮಲಗಿ ಕಾರಿನಡಿ ತಲೆ ತೂರಿಸಿದ್ದನ್ನು ಬಂದವರೆಲ್ಲ ನೋಡಿದರು. ದುಃಖಕ್ಕೆ ಹಾಗಾಗುತ್ತದೆ ಅಂತ ಸುಗಾವಾರಾನ ಹೆಂಡತಿ ಸಮಾಧಾನ ಹೇಳಿದಳು. ನನಗೂ ಹಾಗೇ ಅನಿಸಿತು.

ತೊಮೊಹಾರು, ನಿನ್ನ ಕೆಲಸವೇ ಇದು. ನನಗೆ ಒಂದೇ ಒಂದು ಮಾತು ಹೇಳು. ‘ಪಿ’ಗೆ ಹಾಕಿದ ಕಾರು ತಾನಾಗಿ ಜಾರುತ್ತದೆಯೇ, ಇಲ್ಲವೇ? ಮೊದಮೊದಲು ನನ್ನ ಕೈಗೆ ಸರಿಯಾಗಿ ನೆನಪಿತ್ತು. ಈಗ ಬಿಡುವಾದಾಗೆಲ್ಲ ಅದೇ ಕೈಯನ್ನು ನೋಡುತ್ತ ಕೂರುತ್ತೇನೆ, ಹಾಕಿತೋ ಇಲ್ಲವೋ ಅಂತ. ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಬರೆ. ಯಾವುದಾದರೂ ತಡೆದುಕೊಳ್ಳುತ್ತೇನೆ.

ಕಿಕುಯೆ


ಮಿಯಾಜಾಕಿ
16 ಫೆಬ್ರವರಿ 1999

ಅಕ್ಕನಿಗೆ,

ನಿನ್ನ ಕಾಗದವನ್ನು ಹಲವು ಸಲ ಓದಿದೆ. ನೀನು ಊಟ ಬಿಡಬೇಡ. ಶಾಲೆಯ ಅಡುಗೆಮನೆಯ ಕೆಲಸಕ್ಕೆ ಇಷ್ಟು ಬೇಗ ಹೋಗಬೇಡ. ಹೊನಾಮಿಯನ್ನು ಹತ್ತಿರವೇ ಮಲಗಿಸಿಕೋ.

ಯಂತ್ರಗಳ ವಿಷಯ ದೂರದಿಂದ ಹೇಳುವುದು ಕಷ್ಟ. ಪ್ರತಿಯೊಂದು ಗಾಡಿಯೂ ಬೇರೆ, ಪ್ರತಿಯೊಂದು ಸಂದರ್ಭವೂ ಬೇರೆ. ಆದರೆ ನನ್ನದೊಂದು ಮಾತನ್ನು ನಡೆಸಿಕೊಡು. ಇನ್ನು ಮುಂದೆ ಎಲ್ಲಿ ನಿಲ್ಲಿಸಿದರೂ ಹ್ಯಾಂಡ್ ಬ್ರೇಕ್ ಎಳೆ. ಚಕ್ರದ ಹಿಂದೆ ಒಂದು ಮರದ ತುಂಡು ಇಡು. ಎಂಜಿನ್ ಆರಿಸದೆ ಇಳಿಯಬೇಡ. ಹೊನಾಮಿಯನ್ನು ಒಳಗೆ ಒಬ್ಬಳನ್ನೇ ಬಿಡಬೇಡ. ಸಾಧ್ಯವಾದರೆ ಆ ಕಾರು ಮಾರಿಬಿಡು. ಬೇರೆ ಕೊಳ್ಳುವ ಭಾರ ನನ್ನದು. ಯಾಕೆ ಎಂದು ಕೇಳಬೇಡ. ತಮ್ಮ ಹೇಳಿದ ಎಂದು ಮಾಡು.

ತೊಮೊಹಾರು


ನಯೊರೊ
1 ಮಾರ್ಚ್ 1999

ತೊಮೊಹಾರು,

ಹೌದು ಅಥವಾ ಇಲ್ಲ ಎಂದು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದೀಯ. ಆದರೂ ನನಗೆ ಅರ್ಥವಾಯಿತು. ಕಾರು ತಾನಾಗಿ ಜಾರುವ ಹಾಗಿದ್ದರೆ ನೀನು ಒಂದೇ ಗೆರೆಯಲ್ಲಿ ಬರೆದು, ಕಾಗದವನ್ನು ವಿಮಾನದಲ್ಲಿ ಓಡಿಸುತ್ತಿದ್ದೆ. ಅಕ್ಕನ ಮುಖಕ್ಕೆ ಹೊಡೆದ ಹಾಗೆ ‘ನೀನೇ ಮರೆತೆ’ ಎನ್ನಲಾಗದೆ, ಬ್ರೇಕ್ ಎಳೆ, ಮರದ ತುಂಡು ಇಡು, ಮಗುವನ್ನು ಒಬ್ಬಳನ್ನೇ ಬಿಡಬೇಡ ಎಂದು ಚಿಕ್ಕ ಮಕ್ಕಳಿಗೆ ಬರೆದ ಹಾಗೆ ಬರೆದಿದ್ದೀಯ. ಕಾರನ್ನೂ ನನ್ನ ಕೈಯಿಂದ ಬಿಡಿಸಬೇಕು ಅನಿಸಿದೆ ನಿನಗೆ. ಪೊಲೀಸರೂ ಇಷ್ಟು ನಯವಾಗಿ ಹೇಳಲಿಲ್ಲ.

ನೀನು ಹೇಳಿದೆಯಲ್ಲ ಅಂತ ಬ್ರೇಕ್ ಎಳೆದಿಟ್ಟೆ. ಮೈನಸ್ ಇಪ್ಪತ್ತೈದು ಇತ್ತು. ಮರುದಿನ ಬೆಳಿಗ್ಗೆ ಅತ್ತೆಗೆ ಎದೆಯಲ್ಲಿ ಒತ್ತಿದ ಹಾಗಾಯಿತು. ಆಸ್ಪತ್ರೆಗೆ ಹೊರಟರೆ ಹಿಂದಿನ ಚಕ್ರಗಳು ಹೆಪ್ಪುಗಟ್ಟಿ ಕಲ್ಲಾಗಿವೆ. ಸುಗಾವಾರಾ ತನ್ನ ಗಾಡಿ ತಂದ. ಪಾಪ, ಈ ಸಲ ಅವನು ಆಡಿಕೊಳ್ಳಲಿಲ್ಲ. ನೆಲ ನೋಡುತ್ತ ಅತ್ತೆಯನ್ನು ಹತ್ತಿಸಿಕೊಂಡ. ಅತ್ತೆ ಆ ಎದೆನೋವಿನಲ್ಲೂ ಕಿಟಕಿ ಇಳಿಸಿ ನನ್ನ ಕಾರನ್ನು ನೋಡಿ, ‘ಈಗ ಎಳೀತಾಳೆ ನೋಡು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕ್ತಾಳೆ’ ಅಂದರು. ಹೃದಯಕ್ಕೇನೂ ಆಗಿಲ್ಲ, ದುಃಖದ ಒತ್ತಡ ಅಂದರು ವೈದ್ಯರು.

ನನಗೆ ಅವರ ಮೇಲೆ ಸಿಟ್ಟಿಲ್ಲ. ಒಬ್ಬನೇ ಮಗ. ಮನೆಯಲ್ಲಿ ಹೊನಾಮಿಯೊಬ್ಬಳೇ ನನ್ನ ಪರವಾಗಿ ಅಜ್ಜಿಯ ಹತ್ತಿರ ದಿನಾ ಜಗಳವಾಡುತ್ತಾಳೆ. ಅವಳನ್ನು ನೋಡಿದರೆ ಸಂಕಟವಾಗುತ್ತದೆ. ಅಮ್ಮನನ್ನು ಉಳಿಸುವುದಕ್ಕೆ ಮಗು ಸುಳ್ಳು ಹೇಳುತ್ತಿದೆ ಅಂತ ಈಗೀಗ ನನಗೂ ಅನಿಸತೊಡಗಿದೆ.

ಕಾರು ಮಾರುವುದಿಲ್ಲ. ಅದರಿಂದ ತಪ್ಪಿಸಿಕೊಂಡು ನಾನು ಎಲ್ಲಿಗೆ ಹೋಗಲಿ?

ಕಿಕುಯೆ


ಮಿಯಾಜಾಕಿ
10 ಮಾರ್ಚ್ 1999

ಅಕ್ಕನಿಗೆ,

ಇಲ್ಲಿನ ಹ್ಯುಗಾ ಕಿತ್ತಳೆ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಒಳಗಿನ ಬಿಳಿ ಸಿಪ್ಪೆಯೊಂದಿಗೇ ತಿನ್ನಬೇಕು, ಹೊನಾಮಿಗೆ ಹೇಳು.

ನಾನು ಬರೆದದ್ದನ್ನು ನೀನು ತಪ್ಪು ತಿಳಿದೆ. ನೀನು ಮರೆತೆ ಎಂದು ನಾನು ಎಲ್ಲೂ ಬರೆದಿಲ್ಲ. ಇದಕ್ಕಿಂತ ಹೆಚ್ಚು ಈಗ ಬರೆಯಲಾರೆ. ಬೇಸಿಗೆಯ ತನಕ ತಾಳು. ಅಲ್ಲಿಯವರೆಗೆ ಯಾರ ಮುಂದೆಯೂ ಏನನ್ನೂ ಒಪ್ಪಿಕೊಳ್ಳಬೇಡ, ಯಾವುದನ್ನೂ ತೀರ್ಮಾನ ಮಾಡಬೇಡ. ಬ್ರೇಕ್ ಹೆಪ್ಪುಗಟ್ಟುವುದಾದರೆ ಮರದ ತುಂಡನ್ನಾದರೂ ಇಡು. ಕೈ ಮುಗಿದು ಕೇಳುತ್ತೇನೆ.

ತೊಮೊಹಾರು


ನಯೊರೊ
9 ಮೇ 1999

ತೊಮೊಹಾರು,

ಕಿತ್ತಳೆ ತಲುಪಿ ಎಷ್ಟೋ ದಿನವಾಯಿತು. ಉತ್ತರ ಬರೆಯದಿದ್ದುದಕ್ಕೆ ಕ್ಷಮಿಸು. ಹಿಮ ಕರಗಿ ಸ್ಮಶಾನದ ದಾರಿ ತೆರೆಯಿತು. ನೂರನೇ ದಿನದ ಕರ್ಮ ಮುಗಿಸಿ, ಇಷ್ಟು ದಿನ ಮನೆಯಲ್ಲೇ ಇದ್ದ ಅವರ ಅಸ್ಥಿಯನ್ನು ಮೊನ್ನೆ ಸಮಾಧಿಯೊಳಗೆ ಇಟ್ಟೆವು.

ಬೇಸಿಗೆಯ ತನಕ ತಾಳು ಅಂದೆ. ಬೇಸಿಗೆಗೆ ಏನಾಗುತ್ತದೆ? ದುಃಖ ಕಡಿಮೆಯಾಗುತ್ತದೆ ಅಂತ ತಾನೆ? ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಮನೆಯಲ್ಲಿ ಅಜ್ಜಿಯೂ ಮೊಮ್ಮಗಳೂ ಒಂದೇ ಮೇಜಿನಲ್ಲಿ ಕೂತು ಉಣ್ಣಲಾರದ ಸ್ಥಿತಿ ಬಂದಿತ್ತು. ಹೊನಾಮಿ ‘ಅಮ್ಮ ಪಿಗೆ ಹಾಕಿದ್ದಳು’ ಅನ್ನುವುದು, ಅತ್ತೆ ‘ಹಾಗಾದ್ರೆ ನನ್ನ ಮಗನೇ ಹೋಗಿ ಚಕ್ರದಡಿ ಮಲಗಿದನಾ?’ ಅನ್ನುವುದು. ಇದಕ್ಕೊಂದು ಕೊನೆ ಹಾಡಬೇಕಿತ್ತು. ಹಾಡಬಲ್ಲವಳು ನಾನೊಬ್ಬಳೇ.

ಕರ್ಮದ ಊಟಕ್ಕೆ ನೆಂಟರೆಲ್ಲ ಕೂತಿದ್ದಾಗ ನಾನು ಅತ್ತೆಯ ಮುಂದೆ ಹಣೆ ನೆಲಕ್ಕೆ ಮುಟ್ಟಿಸಿ, ‘ಗೇರ್ ಹಾಕದೆ ಇಳಿದೆ, ತಪ್ಪು ನನ್ನದು’ ಎಂದು ಹೇಳಿದೆ. ಅತ್ತೆ ‘ಒಪ್ಪಿಕೊಂಡಳಲ್ಲ, ಸಾಕು. ಏಳಮ್ಮ’ ಅಂದರು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರು ನನ್ನನ್ನು ‘ಅಮ್ಮ’ ಅಂದದ್ದು ಅದೇ ಮೊದಲು. ನನಗೆ ಭಾರ ಇಳಿದ ಹಾಗಾಯಿತು, ಸುಳ್ಳು ಯಾಕೆ ಹೇಳಲಿ.

ಆಗ ನೆಂಟರಲ್ಲಿ ಒಬ್ಬರು ಹೊನಾಮಿಯ ಕಡೆ ತಿರುಗಿ, ಇನ್ನು ಮೇಲೆ ಸುಳ್ಳು ಹೇಳಬಾರದು ಮಗು, ಅಮ್ಮನ ಮೇಲಿನ ಪ್ರೀತಿಗೆ ಹೇಳಿದೆ ಅಂತ ನಮಗೆ ಗೊತ್ತು ಎಂದರು. ಹೊನಾಮಿ ನನ್ನನ್ನು ನೋಡಿದಳು. ನಾನು ತಲೆ ಎತ್ತಲಿಲ್ಲ. ಅವಳು ಕೈಯಲ್ಲಿದ್ದ ಊಟದ ಕಡ್ಡಿಗಳನ್ನು ಜೋಡಿಸಿಟ್ಟು ಎದ್ದು ಹೋದಳು.

ಅವತ್ತಿನಿಂದ ಅವಳು ಮಲಗುವುದು ಅಜ್ಜಿಯ ಕೋಣೆಯಲ್ಲಿ. ನನ್ನ ಹತ್ತಿರ ಮಾತಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೆ. ಮಕ್ಕಳ ಸಿಟ್ಟು, ಎಷ್ಟು ದಿನ ಇದ್ದೀತು?

ನಿನ್ನ ಮೇಲೆ ಬೇಸರ ಮಾಡಿಕೊಂಡು ಬರೆದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೋ. ನೀನು ನಯವಾಗಿ ಹೇಳಿದ್ದನ್ನು ನಾನು ಸ್ವಲ್ಪ ತಡವಾಗಿ ಕೇಳಿಸಿಕೊಂಡೆ.

ಕಿಕುಯೆ


ಮಿಯಾಜಾಕಿ
27 ಜೂನ್ 1999

ಅಕ್ಕನಿಗೆ,

ಈ ಕಾಗದ ಮುಟ್ಟುವ ಮೊದಲೇ ಕಾರು ಕಂಪನಿಯಿಂದ ನಿನಗೆ ಒಂದು ಕಾರ್ಡ್ ಬಂದಿರುತ್ತದೆ. ಆ ಮಾದರಿಯ ಕಾರುಗಳನ್ನೆಲ್ಲ ವಾಪಸು ಕರೆದು ಒಂದು ಬಿಡಿಭಾಗ ಬದಲಿಸಿಕೊಡುತ್ತಾರೆ. ಅದಕ್ಕೆ ರೀಕಾಲ್ ಅನ್ನುತ್ತಾರೆ. ಕಾರ್ಡಿನ ಭಾಷೆ ನಿನಗೆ ತಿಳಿಯಲಿಕ್ಕಿಲ್ಲ. ಬಿಡಿಸಿ ಹೇಳುತ್ತೇನೆ.

ನೀನು ಕೈಯಲ್ಲಿ ಹಿಡಿಯುವ ಗೇರ್ ಹಿಡಿಗೂ ಕೆಳಗಿರುವ ಗೇರ್ ಪೆಟ್ಟಿಗೆಗೂ ನಡುವೆ ಒಂದು ಕೇಬಲ್ ಇದೆ. ಅದರ ತುದಿಯಲ್ಲಿ ಕೋಟಿನ ಗುಂಡಿಯಷ್ಟು ದೊಡ್ಡದಾದ ಪ್ಲಾಸ್ಟಿಕ್ ಬಳೆ. ಅದನ್ನು ಮಾಡುವುದು ನಾವು. ವಿಪರೀತ ಚಳಿಯಲ್ಲಿ ಅದು ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಬಳೆ ಒಮ್ಮೆ ಹಿಡಿಯುತ್ತದೆ, ಒಮ್ಮೆ ಜಾರುತ್ತದೆ. ಜಾರಿದಾಗ ಮೇಲೆ ಹಿಡಿ ‘ಪಿ’ ಎಂದು ತೋರಿಸುತ್ತದೆ, ಕೆಳಗೆ ಗೇರ್ ಪೆಟ್ಟಿಗೆಗೆ ಅದು ಗೊತ್ತೇ ಇರುವುದಿಲ್ಲ. ಬ್ರೇಕ್ ಎಳೆದಿದ್ದರೆ ಕಾರು ನಿಲ್ಲುತ್ತದೆ. ಎಳೆಯದಿದ್ದರೆ ಜಾರುತ್ತದೆ.

ನೀನು ಕೇಳಿದ್ದಕ್ಕೆ ಉತ್ತರ: ಹೌದು. ನೀನು ‘ಪಿ’ಗೆ ಹಾಕಿದ್ದೆ. ಹೊನಾಮಿ ನೋಡಿದ್ದು ನಿಜ.

ಮೊದಲ ದೂರುಗಳು ಡಿಸೆಂಬರಿನಲ್ಲೇ ಬಂದಿದ್ದವು. ಆದರೆ ಇಲ್ಲಿ ಎಲ್ಲರೂ ವರ್ಷವಿಡೀ ಬ್ರೇಕ್ ಎಳೆಯುವವರು. ಎಳೆಯದೆ ಇಳಿದವನು ಅಜಾಗರೂಕ ಎಂದು ಷರಾ ಬರೆದು ಎತ್ತಿಟ್ಟಿದ್ದರು. ಅವತ್ತು ನಿನ್ನ ಕಾರಿನ ಕೆಳಗೆ ಮಲಗಿ ಟಾರ್ಚ್ ಹಿಡಿದಾಗ ಆ ಬಿರುಕನ್ನು ಕಣ್ಣಾರೆ ನೋಡಿದೆ. ವಾಪಸು ಬಂದು ಸಭೆಯಲ್ಲಿ, ಹೊಕ್ಕೈದೊದಲ್ಲಿ ಚಳಿಗಾಲಕ್ಕೆ ಯಾರೂ ಬ್ರೇಕ್ ಎಳೆಯುವುದಿಲ್ಲ ಎಂದು ಹೇಳಿದೆ. ಅಲ್ಲಿ ಜನ ಬಟ್ಟೆಯಿಲ್ಲದೆ ಓಡಾಡುತ್ತಾರೆ ಎಂದ ಹಾಗೆ ನನ್ನನ್ನು ನೋಡಿದರು. ನಯೊರೊದಲ್ಲಿ ಒಂದು ಮನೆಯಲ್ಲಿ ಸಾವಾಗಿದೆ ಎಂದೂ ಹೇಳಿದೆ. ಆಮೇಲೆಯೇ ಕೆಲಸ ಮುಂದುವರಿದದ್ದು. ಸರ್ಕಾರಕ್ಕೆ ವರದಿ ಹೋಗಿ, ಬದಲಿ ಸಾಮಾನು ಸಿದ್ಧವಾಗುವವರೆಗೆ ಹೆಂಡತಿಗೂ ಹೇಳಕೂಡದು ಎಂದು ನಮ್ಮ ಬಾಯಿಗೆ ಬೀಗ ಹಾಕಿದರು. ಹೇಳಿದ್ದರೆ ಕೆಲಸ ಹೋಗುತ್ತಿತ್ತು. ವಿಷಯ ಹೊರಬಿದ್ದರೆ ಎಲ್ಲವನ್ನೂ ಮುಚ್ಚಿಹಾಕಿಯಾರು ಎಂಬ ಹೆದರಿಕೆಯೂ ಇತ್ತು. ಬರೆಯಬಹುದಾದದ್ದನ್ನೆಲ್ಲ ಬರೆದೆ. ನಿನಗೆ ಅರ್ಥವಾಗುತ್ತದೆ ಅಂದುಕೊಂಡೆ.

ಆಗಸ್ಟಿನಲ್ಲಿ ಪಿತೃಗಳ ಹಬ್ಬಕ್ಕೆ ಬಂದು ನಿನ್ನ ಅತ್ತೆಯ ಮುಂದೆ ಎಲ್ಲವನ್ನೂ ನಾನೇ ಹೇಳುತ್ತೇನೆ. ಈಗ ನಿನ್ನ ಮನಸ್ಸು ಹಗುರವಾಗಲಿ.

ತೊಮೊಹಾರು


ನಯೊರೊ
12 ಜುಲೈ 1999

ತೊಮೊಹಾರು,

ಕಾರ್ಡ್ ಬಂತು. ನಿನ್ನ ಕಾಗದವೂ ಬಂತು. ಕಾರನ್ನು ಅಂಗಡಿಗೆ ಕೊಟ್ಟು ಬಂದೆ. ಒಂದು ಲೋಟ ಚಹಾ ಕೊಟ್ಟು ಕೂರಿಸಿದರು. ಚಹಾ ಆರುವ ಮೊದಲೇ ಕೆಲಸ ಮುಗಿಯಿತು ಎಂದರು. ಹಳೆಯ ಬಳೆಯನ್ನು ತೋರಿಸಿ ಅಂದೆ. ಅದನ್ನು ಹೊರಗೆ ಕೊಡುವಂತಿಲ್ಲವಂತೆ.

ಅತ್ತೆಗೆ ಮೊದಲು ಓದಿ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ತಾವೂ ಓದಿದರು. ಕಾರ್ಡನ್ನು ಮಗನ ಫೋಟೊದ ಮುಂದಿಟ್ಟು ಗಂಟೆ ಬಾರಿಸಿ ಕೈ ಮುಗಿದರು. ‘ಹಾಗಾದ್ರೆ ಇಷ್ಟು ದಿನ ನಾನು ಬೈದದ್ದು ಯಾರಿಗೆ?’ ಎಂದು ನನ್ನನ್ನೇ ಕೇಳಿದರು. ನಾವಿಬ್ಬರೂ ಅಲ್ಲೇ ಕೂತು ಅತ್ತೆವು. ಅವರ ಜೊತೆ ಕೂತು ಅತ್ತದ್ದು ಅದೇ ಮೊದಲು.

ಶಾಲೆಯಿಂದ ಬಂದ ಹೊನಾಮಿಗೆ ಕಾರ್ಡ್ ಕೊಟ್ಟೆ. ಬೆನ್ನಿನ ಚೀಲವನ್ನೂ ಇಳಿಸದೆ ನಿಂತೇ ಓದಿದಳು. ತಿಳಿಯದ ಪದಗಳನ್ನು ಬಿಟ್ಟು ಬಿಟ್ಟು, ಕೊನೆಯ ತನಕ ಓದಿದಳು. ಈಗ ನನ್ನ ಕೊರಳಿಗೆ ಬೀಳುತ್ತಾಳೆ ಅಂದುಕೊಂಡೆ, ನೋಡು ನನ್ನ ಹುಚ್ಚು. ಅವಳು ಕಾರ್ಡನ್ನು ವಾಪಸು ನನ್ನ ಕೈಗೆ ಕೊಟ್ಟು ಹೇಳಿದ್ದು ಇಷ್ಟು:

‘ಪಿಗೆ ಹಾಕಿದ್ದೆ ಅಂತ ನಿಂಗೆ ಗೊತ್ತಿತ್ತು. ನಾನು ನೋಡಿದೀನಿ ಅಂತಾನೂ ಗೊತ್ತಿತ್ತು. ಮತ್ತೆ ಎಲ್ಲರ ಮುಂದೆ ನನ್ನನ್ನ ಯಾಕೆ ಸುಳ್ಳುಗಾತಿ ಮಾಡಿದೆ?’

ನನ್ನ ಹತ್ತಿರ ಇದ್ದ ಉತ್ತರವನ್ನು ಅವಳಿಗೆ ಹೇಳುವಂತಿರಲಿಲ್ಲ. ಕಣ್ಣಿಂದ ನೋಡಿದ ಮಗಳು ನೂರು ದಿನ ದಿನಾ ಹೇಳಿದಳು. ನಾನು ಅವಳನ್ನು ಬಿಟ್ಟು, ಏನೂ ಹೇಳದ ನಿನ್ನನ್ನು ನಂಬಿದೆ. ನೀನು ಸುಮ್ಮನಿದ್ದೀಯ ಅಂದರೆ ನಾನು ಕೇಳಬಾರದ್ದೇ ಇರಬೇಕು ಅಂದುಕೊಂಡೆ. ಚಿಕ್ಕಂದಿನಿಂದ ನನ್ನ ಹತ್ತಿರ ಏನನ್ನೂ ಮುಚ್ಚಿಡದ ತಮ್ಮ ತಾನೆ ನೀನು.

ನಿನ್ನ ಕೆಲಸ ಹೋಗಬಾರದಿತ್ತು, ಒಪ್ಪಿದೆ. ಇನ್ನೆಷ್ಟೋ ಮನೆಗಳು ನಿನ್ನಿಂದ ಉಳಿದಿರಬಹುದು, ಅದನ್ನೂ ಒಪ್ಪಿದೆ. ಆದರೆ ಸಭೆಯಲ್ಲಿ ಅಷ್ಟು ಜನರ ಮುಂದೆ ‘ನಯೊರೊದಲ್ಲಿ ಒಂದು ಮನೆ’ ಎಂದು ಹೇಳಲು ಬಂದ ಬಾಯಿಗೆ, ಆ ಮನೆಗೆ ಒಂದು ‘ಹೌದು’ ಬರೆದು ಕಳಿಸಲು ಬರಲಿಲ್ಲ. ಎರಡು ಅಕ್ಷರ, ತೊಮೊಹಾರು. ಒಲೆಗೆ ಹಾಕು ಎಂದು ಕೆಳಗೆ ಬರೆದಿದ್ದರೆ ಓದಿದ ಕೂಡಲೇ ಹಾಕಿಬಿಡುತ್ತಿದ್ದೆ. ಮರದ ತುಂಡಿನ ವಿಷಯ ಬರೆಯಲು ಎಷ್ಟೊಂದು ಸಾಲು ಸಿಕ್ಕಿತು ನಿನಗೆ.

ಮನಸ್ಸು ಹಗುರವಾಗಲಿ ಎಂದು ಬರೆದಿದ್ದೀಯ. ತಪ್ಪು ನನ್ನದೇ ಆಗಿದ್ದಾಗ ನನಗೆ ತಮ್ಮನಾದರೂ ಇದ್ದ.

ಹಬ್ಬಕ್ಕೆ ಬರಬೇಡ. ಅತ್ತೆಗೆ ಹೇಳಬೇಕಾದದ್ದನ್ನೆಲ್ಲ ಕಾರ್ಡ್ ಹೇಳಿದೆ. ನನಗೂ ಇನ್ನು ಬರೆಯಬೇಡ. ಬರೆಯಲೇಬೇಕು ಅನಿಸಿದರೆ ಹೊನಾಮಿಗೆ ಬರೆ, ಲಕೋಟೆಯ ಮೇಲೆ ಅವಳ ಹೆಸರನ್ನೇ ಹಾಕು. ಅಮ್ಮ ಯಾಕೆ ಸುಳ್ಳು ಹೇಳಿದಳು ಎಂದು ಅವಳು ಕೇಳಿದ್ದಕ್ಕೆ ಉತ್ತರ ಕೊಡಬೇಕಾದವನು ನೀನು. ನೀನು ಹೇಳಿದರೆ ನಂಬಿಯಾಳು. ನಾನು ಹೇಳಿದ್ದನ್ನು ಅವಳು ಈಗ ಯಾವುದನ್ನೂ ನಂಬುವುದಿಲ್ಲ. ನಿನ್ನೆ ‘ಹೊರಗೆ ಮಳೆ, ಕೊಡೆ ತಗೋ’ ಅಂದೆ. ಅವಳು ಕಿಟಕಿಯ ಹತ್ತಿರ ಹೋಗಿ, ಪರದೆ ಸರಿಸಿ, ತಾನೇ ನೋಡಿದ ಮೇಲೆ ಕೊಡೆ ತೆಗೆದುಕೊಂಡಳು.

ಕಿಕುಯೆ